ತಮ್ಮ ನೋಡಿದ ಕಾರು

ಕಾರಿನ ಬೆನ್ನಿಗೆ ಹೆಗಲು ಕೊಟ್ಟು ತಳ್ಳುತ್ತಿದ್ದವರು ಒಮ್ಮೆಲೇ ನಿಂತರು. ಮುಂದಿನ ಚಕ್ರಗಳೇನೋ ತಿರುಗುತ್ತಿದ್ದವು, ಹಿಂದಿನದೊಂದು ಹಿಡಿದುಕೊಂಡಿತ್ತು. ಅಂಗಳದ ಸಿಮೆಂಟಿನ ಮೇಲೆ ಉದ್ದಕ್ಕೆ ಕಪ್ಪು ಗೀರು ಎದ್ದಿತ್ತು. ಗೇಟಿನ ಆಚೆ ಶವದ ವ್ಯಾನು ಹಿಮ್ಮುಖವಾಗಿ ಬಂದು ಕಾಯುತ್ತಿತ್ತು. ಈ ಕಾರು ಸರಿಯದೆ ಅದು ಒಳಗೆ ಬರುವಂತಿರಲಿಲ್ಲ.

ಒಳಗೆ ನಡುಮನೆಯಲ್ಲಿ ಮಲಗಿದ್ದವನು ಕೂದಲು ನರೆಯುವವರೆಗೂ ಬಸ್ಸು ಓಡಿಸಿದವನು. ಎಲ್ಲರ ಬಾಯಲ್ಲೂ ಡ್ರೈವರಣ್ಣ. ಕಾರು ಅವನದು. ನೆಲಕ್ಕೆ ಹೊಟ್ಟೆ ತಾಗುವಷ್ಟು ತಗ್ಗು, ಇಬ್ಬರೇ ಕೂರುವ ಹಳೆಯ ಸ್ಪೋರ್ಟ್ಸ್ ಕಾರು. ಕೆಂಪು ಬಣ್ಣ ಒಡೆದು ಇಟ್ಟಿಗೆ ಪುಡಿಯ ಹಾಗಾಗಿತ್ತು. ತಳ್ಳುತ್ತಿದ್ದವರಲ್ಲಿ ಒಬ್ಬ ಅವನ ತಮ್ಮ, ಮೆಕ್ಯಾನಿಕ್. ಇನ್ನೊಬ್ಬ ಅದೇ ವರ್ಕ್‌ಶಾಪ್ ಸಾಲಿನಲ್ಲಿ ಗಾಡಿಗಳಿಗೆ ಬಣ್ಣ ಹೊಡೆಯುವ ಪೇಂಟರ್, ಸತ್ತವನ ಹಳೆಯ ಗೆಳೆಯ.

ಹಿಂದುಗಡೆ ಜಾಕ್ ಕೊಟ್ಟು ಎತ್ತಿ ಪಕ್ಕಕ್ಕೆ ಇಡೋಣ ಅಂದ ಪೇಂಟರ್. ಪಕ್ಕದ ಮನೆಯವನು ತಡೆದ.

"ಎತ್ತಿದ್ರೆ ಎರಡು ತುಂಡಾಗತ್ತೆ ಕಣ್ರೀ. ತುಕ್ಕು ಹಿಡಿದು ಅಡಿ ಪೂರ್ತಿ ತಿಂದುಹೋಗಿದೆ. ಇವರೇ ಅಲ್ವಾ ನೋಡಿ ಹೇಳಿದ್ದು?"

ಎಲ್ಲರೂ ಮೆಕ್ಯಾನಿಕ್ಕಿನ ಮುಖ ನೋಡಿದರು. ಎತ್ತಿದರೆ ಏನೂ ಆಗುವುದಿಲ್ಲ ಎಂದು ನಂಬಿದ್ದವನು ಅವನೊಬ್ಬನೇ. ಬಾಗಿಲಲ್ಲಿ ಅತ್ತಿಗೆ ಬಂದು ನಿಂತಿದ್ದಳು.

"ಎತ್ತಬೇಡಿ," ಅಂದ. "ಎಳೀರಿ."

ಎಳೆದರು. ಹಿಡಿದುಕೊಂಡ ಚಕ್ರ ಗೋಡೆಯವರೆಗೂ ಕಿರುಚಿಕೊಂಡು ಹೋಯಿತು.

*

ಅಣ್ಣ ಆ ಕಾರು ತಂದಾಗ ಬೀದಿಗೆ ಬೀದಿಯೇ ನಕ್ಕಿತ್ತು. ಯಾವುದೋ ದೊಡ್ಡ ಬಂಗಲೆ ಖಾಲಿ ಮಾಡುವಾಗ ಶೆಡ್ಡಿನಲ್ಲಿ ಬಿದ್ದಿದ್ದ ಗಾಡಿ ಅದು. ಬಸ್ಸಿಗೆ ರಜೆ ಇದ್ದ ದಿನ ಹಗ್ಗ ಕಟ್ಟಿಸಿ ಎಳೆಸಿಕೊಂಡು ಬಂದು ಅಂಗಳದಲ್ಲಿ ನಿಲ್ಲಿಸಿದ್ದ. ಮೇಲೆ ದಪ್ಪ ಟಾರ್ಪಾಲು ಹೊದಿಸಿ, ಅಂಚಿಗೆ ಇಟ್ಟಿಗೆ ಇಟ್ಟು, ಗಾಳಿ ಬೀಸಿದರೆ ಎದ್ದುಹೋಗಿ ನೋಡಿ ಬರುತ್ತಿದ್ದ.

"ಜನಾನೆಲ್ಲ ಹೊತ್ಕೊಂಡು ತಿರುಗಿದೋರಿಗೆ ಈಗ ಇಬ್ಬರೇ ಕೂರೋ ಗಾಡಿ ಬೇಕಂತೆ," ಎಂದು ಅತ್ತಿಗೆ ಬಂದವರಿಗೆಲ್ಲ ಹೇಳಿ ನಗುತ್ತಿದ್ದಳು. ಆ ಇಬ್ಬರಲ್ಲಿ ತಾನೊಬ್ಬಳು ಎಂಬುದು ಅವಳಿಗೆ ಗೊತ್ತಿತ್ತು. ಅದಕ್ಕೇ ಅಷ್ಟು ನಗು.

ಬಿಚ್ಚಿ ಮತ್ತೆ ಕಟ್ಟಿ ಓಡಿಸುವ ಯೋಗ್ಯತೆ ಗಾಡಿಗೆ ಇದೆಯೋ ಇಲ್ಲವೋ ನೋಡಲು ತಮ್ಮನಿಗೆ ಹೇಳಿಕಳಿಸಿದ. ತಮ್ಮನನ್ನು ಆ ಕೆಲಸಕ್ಕೆ ಹಚ್ಚಿದವನೇ ಅಣ್ಣ. ಡಿಪೋದ ಮೇಸ್ತ್ರಿಯ ಹಿಂದೆ ಬಿದ್ದು, ಕಾಡಿ ಬೇಡಿ ಸೇರಿಸಿದ್ದ. ಊಟ ಹಾಕಿ ಬೆಳೆಸಿದವಳು ಅತ್ತಿಗೆ.

ಬಂದವನು ಗೋಣಿಚೀಲ ಹಾಸಿಕೊಂಡು ಕಾರಿನ ಕೆಳಗೆ ತೂರಿದ. ಸ್ಕ್ರೂಡ್ರೈವರಿನ ಹಿಡಿಯಿಂದ ಅಡಿಯ ಕಬ್ಬಿಣಕ್ಕೆ ಬಡಿದ. ಕೊಳೆತ ಕಬ್ಬಿಣವಾದರೆ ಮಂಕಾಗಿ ಗೊದ್ ಅನ್ನುತ್ತದೆ. ಇದು ಠಣ್ ಅಂದಿತು. ಮೇಲೆ ತುಕ್ಕಿನ ಪದರ, ಒಳಗೆ ಗಟ್ಟಿ. ಎಲ್ಲಿ ಬಡಿದರೂ ಅದೇ ಸದ್ದು.

ಅವನು ಅಲ್ಲೇ ಮಲಗಿ ಯೋಚಿಸಿದ. ಆಗುತ್ತದೆ ಅಂದರೆ ಭಾನುವಾರಗಳೆಲ್ಲ ಈ ಅಂಗಳಕ್ಕೇ. ಸಿಗದ ಬಿಡಿಭಾಗಗಳಿಗೆ ಅಲೆಯುವವನು ತಾನು, ಕೈ ಸುಟ್ಟುಕೊಳ್ಳುವವನು ತಾನು. ಸ್ವಂತ ಅಣ್ಣ, ಒಲ್ಲೆ ಅನ್ನುವ ಬಾಯಿಲ್ಲ. ಆಗ ಅವನಿಗೆ ಹೊಸ ಸಂಸಾರ, ಹೊಸ ವರ್ಕ್‌ಶಾಪು. ಅಂಥ ದೊಡ್ಡ ಕೇಡು ಮನಸ್ಸಿನಲ್ಲಿ ಇರಲಿಲ್ಲ. ಬೆನ್ನು ನೋಯುತ್ತಿತ್ತು, ಅಷ್ಟೇ.

ಹೊರಗೆ ಬಂದು, ಅಣ್ಣನ ಮುಖ ನೋಡದೆ ಕೈ ಒರೆಸಿಕೊಂಡ.

"ಆಗಲ್ಲ ಅಣ್ಣ. ಅಡಿ ಪೂರ್ತಿ ತಿಂದುಹೋಗಿದೆ."

"ಸರಿ ಬಿಡು, ನೀನೇ ನೋಡಿದೀಯಲ್ಲ," ಅಂದ ಅಣ್ಣ. ಆಮೇಲೆ ಕೈಗೆ ಸೋಪು ತಂದುಕೊಟ್ಟ.

*

ಮಣ್ಣು ಮಾಡಿ ಬಂದ ಮೇಲೆ ಗಂಡಸರು ಅಂಗಳದಲ್ಲಿ ಬಾಡಿಗೆ ಕುರ್ಚಿಗಳ ಮೇಲೆ ಕೂತರು. ಯಾರೋ ಚಹಾ ತಂದುಕೊಟ್ಟರು. ಮಾತು ಮೊದಲು ಸತ್ತವನ ಒಳ್ಳೆಯತನಕ್ಕೆ ಹೋಯಿತು. ಓಡಿಬರುವ ಮುದುಕಿಯರನ್ನು ಕನ್ನಡಿಯಲ್ಲಿ ಕಂಡರೆ ಬಸ್ಸು ನಿಲ್ಲಿಸುತ್ತಿದ್ದ, ಅದಕ್ಕಾಗಿ ಕಂಡಕ್ಟರನ ಹತ್ತಿರ ದಿನಾ ಬೈಸಿಕೊಳ್ಳುತ್ತಿದ್ದ. ಆಮೇಲೆ ಮಾತು ತಾನಾಗಿ ಗೋಡೆಗೆ ಒರಗಿದ್ದ ಕಾರಿಗೆ ಬಂತು. ಅದರ ಟಾರ್ಪಾಲು ಏನಾಯಿತು ಎಂದು ಯಾರೋ ಕೇಳಿದರು. ನಮ್ಮ ಮಾಡು ಸೋರುತ್ತಿತ್ತಲ್ಲ, ಆಗ ನಮಗೆ ಕೊಟ್ಟುಬಿಟ್ಟರು ಅಂದ ಪಕ್ಕದ ಮನೆಯವನು. ಹೇಗೂ ಹೋಗಿರುವ ಗಾಡಿ, ಮಳೆಗೆ ನೆಂದರೇನು, ನಿಮ್ಮ ಮಕ್ಕಳು ನೆನೆಯಬಾರದು ಅಂದಿದ್ದನಂತೆ.

ಪೇಂಟರ್ ಮೆಕ್ಯಾನಿಕ್ಕಿನ ಕಡೆ ವಾಲಿ ತಗ್ಗಿದ ದನಿಯಲ್ಲಿ ಹೇಳಿದ.

"ನಿಂಗೆ ಗೊತ್ತಿಲ್ಲ ಅನ್ಸತ್ತೆ. ನೀನು ಆಗಲ್ಲ ಅಂದ ಮೇಲೆ ಅವನು ನಮ್ಮ ಸಾಲಲ್ಲಿ ಎಲ್ಲರ ಹತ್ರಾನೂ ಬಂದಿದ್ದ. ಒಂದ್ಸಲ ನೋಡ್ರಪ್ಪಾ ಅಂತ."

"ಯಾರೂ ನೋಡ್ಲಿಲ್ವಾ?"

"ಒಬ್ಬ ಆಗಲ್ಲ ಅಂತ ಬಿಟ್ಟ ಗಾಡೀನ ಇನ್ನೊಬ್ಬ ಯಾವತ್ತು ಮುಟ್ಟಿದಾನಪ್ಪ ನಮ್ಮಲ್ಲಿ? ಅದ್ರಲ್ಲೂ ಒಡಹುಟ್ಟಿದೋನೇ ಹೇಳಿರೋದು. ನಿನ್ನ ಮಾತು ತಳ್ಳಿಹಾಕಿ ನಾವು ಬೆನ್ನು ಬಗ್ಗಿಸಿದ್ರೆ ಚೆನ್ನಾಗಿರತ್ತಾ? ನಾನೇ ವಾಪಸ್ ಕಳಿಸ್ದೆ." ಪೇಂಟರ್ ಲೋಟ ಕೆಳಗಿಟ್ಟ. "ಸದ್ದು ಚೆನ್ನಾಗಿತ್ತು ಕಣೋ, ಗಂಟೆ ಹೊಡೆದ ಹಾಗಿತ್ತು ಅಂತಿದ್ದ. ಸದ್ದು ಕೇಳ್ಕೊಂಡು ಗಾಡಿ ಕಟ್ಟೋಕಾಗತ್ತಾ ಅಂತ ರೇಗಿಸಿದ್ವಿ."

ಮೆಕ್ಯಾನಿಕ್ ಗೋಡೆ ಪಕ್ಕದ ಕಾರಿನ ಕಡೆ ನೋಡಿದ. ಅವತ್ತಿನ ಆ ಠಣ್ ಸದ್ದು ಅಣ್ಣನಿಗೂ ಕೇಳಿಸಿತ್ತು. ಕೇಳಿಸಿಯೂ ಸೋಪು ತಂದುಕೊಟ್ಟಿದ್ದ.

ಅಷ್ಟರಲ್ಲಿ ಅಣ್ಣನ ಮಗಳು ಹೊರಗೆ ಬಂದಳು. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳು, ಅಪ್ಪನ ಕೊನೆಯ ದಿನಗಳನ್ನೆಲ್ಲ ನೋಡಿಕೊಂಡವಳು. ಅತ್ತು ಅತ್ತು ಕಣ್ಣು ಊದಿಕೊಂಡಿದ್ದವು. ಗುಜರಿಯವನು ಬೆಳಿಗ್ಗೆಯೇ ಗೇಟಿನಲ್ಲಿ ಇಣುಕಿ ಕೇಳಿಹೋದನಂತೆ, ನಾಳೆ ಮತ್ತೆ ಬರುತ್ತಾನಂತೆ. ಕೊಡಲು ಮನಸ್ಸು ಬರುತ್ತಿಲ್ಲ ಅಂದಳು.

"ಚಿಕ್ಕಪ್ಪ, ಈಗ ಏನೇನೋ ಹೊಸ ರೀತಿ ಬಂದಿದೆಯಂತಲ್ಲ. ಇನ್ನೊಂದ್ಸಲ ಅಡಿ ನೋಡ್ತೀರಾ? ಆಗೋ ಹಾಗಿದ್ರೆ ಅಮ್ಮನ್ನ ಕೂರಿಸ್ಕೊಂಡು ಒಂದು ಸುತ್ತಾದ್ರೂ ಹೋಗ್ಬಹುದು."

ಅವನಿಗೆ ನೀರಿನಲ್ಲಿ ಮುಳುಗುತ್ತಿದ್ದವನ ಕಾಲಿಗೆ ನೆಲ ಸಿಕ್ಕಂತಾಯಿತು. ಆಗುತ್ತೆ ಅಂದರಾಯಿತು. ಅವತ್ತು ಸರಿಯಾಗಿ ಕಾಣಲಿಲ್ಲ ಅಂದರಾಯಿತು. ಉಳಿದಿರುವ ಭಾನುವಾರಗಳನ್ನೆಲ್ಲ ಇದಕ್ಕೇ ಸುರಿದುಬಿಡಬಹುದು. ಯಾರಿಗೂ ಏನೂ ಹೇಳಬೇಕಾಗಿಲ್ಲ. ಬಿಳಿ ಅಂಗಿಯಲ್ಲೇ ನೆಲಕ್ಕೆ ಬೆನ್ನು ಹಚ್ಚಿ ಒಳಗೆ ತೂರಿದ.

ಗೆಣ್ಣಿನಿಂದ ಬಡಿದ. ಗೊದ್ ಅಂದಿತು. ಸ್ವಲ್ಪ ಮುಂದೆ ಬಡಿದ. ಅಲ್ಲೂ ಅಷ್ಟೇ. ಹೆಬ್ಬೆರಳು ಒತ್ತಿದ. ನೆನೆದ ರಟ್ಟಿನ ಹಾಗೆ ಕಬ್ಬಿಣ ಬಿಟ್ಟುಕೊಟ್ಟು, ಬೆರಳು ಬುಡದವರೆಗೆ ಒಳಗೆ ಹೋಯಿತು. ಮುಖದ ಮೇಲೆ, ತಲೆಯ ಮೇಲೆ ಕೆಂಪು ಪುಡಿ ಸುರಿಯಿತು. ಟಾರ್ಪಾಲು ಇಲ್ಲದೆ ಇದು ಎಷ್ಟು ಮಳೆ ಕುಡಿದಿತ್ತೋ.

ಬಹಳ ಹೊತ್ತು ಅವನು ಹೊರಗೆ ಬರಲಿಲ್ಲ. ಬಂದು ನೆಲದಲ್ಲೇ ಕೂತ. ಅತ್ತಿಗೆ ಯಾವಾಗ ಬಂದಳೋ, ಪಕ್ಕದಲ್ಲಿ ನಿಂತಿದ್ದಳು. ಅವನ ಮುಖ ನೋಡಿಯೇ ಮಗಳಿಗೆ ಅರ್ಥವಾಯಿತು.

"ತಿಂದುಹೋಗಿದೆ," ಅಂದ. "ಗುಜರಿಗೆ ಹಾಕೋದೇ."

"ಹಂಗಾದ್ರೆ ನೀನು ಅವತ್ತು ಹೇಳಿದ್ದೇ ಸರಿ," ಅಂದ ಪೇಂಟರ್. ಕುರ್ಚಿಗಳಲ್ಲಿ ಇದ್ದವರೂ ಹೌದೆಂದು ತಲೆ ಆಡಿಸಿದರು. ಅಷ್ಟಕ್ಕೆ ಮುಗಿಯುತ್ತಿತ್ತು.

"ಹೋಗ್ಲಿ ಬಿಡು, ನೀನೇನು ಮಾಡೋಕಾಗತ್ತೆ. ನೋಡು ತಲೆಯೆಲ್ಲ ಏನು ಮಾಡ್ಕೊಂಡಿದೀಯ," ಅನ್ನುತ್ತ ಅತ್ತಿಗೆ ಬಗ್ಗಿ, ಚಿಕ್ಕಂದಿನಲ್ಲಿ ಮಾಡುತ್ತಿದ್ದ ಹಾಗೆ ಅವನ ಕೂದಲಿನಿಂದ ತುಕ್ಕಿನ ಪುಡಿ ಕೊಡವತೊಡಗಿದಳು.

"ಅತ್ತಿಗೆ," ಅಂದ ಅವನು, ತಲೆ ಎತ್ತದೆ. "ಇವತ್ತು ಹೋಗಿದೆ. ಅವತ್ತು ಗಟ್ಟಿಯಾಗಿತ್ತು. ನಾನು ಸುಳ್ಳು ಹೇಳ್ದೆ."

ಪೇಂಟರ್ ಎದ್ದು ನಿಂತ. ಮಗಳು ಅಮ್ಮನ ಕಡೆ ನೋಡಿದಳು.

ಕೊಡವುತ್ತಿದ್ದ ಕೈ ನಿಂತಿತು. ಅತ್ತಿಗೆ ಅದನ್ನು ತೆಗೆಯಲೂ ಇಲ್ಲ, ಮತ್ತೆ ಆಡಿಸಲೂ ಇಲ್ಲ. ಅವನ ನರೆತ ತಲೆಯ ಮೇಲೆ ಅದು ಹಾಗೇ ಇತ್ತು. ಬೆರಳ ಸಂದಿಯಿಂದ ಕೆಂಪು ಪುಡಿ ಸ್ವಲ್ಪ ಸ್ವಲ್ಪವೇ ಅವನ ಬಿಳಿ ಕಾಲರಿನ ಮೇಲೆ ಉದುರುತ್ತಿತ್ತು.