ಸೋಮವಾರದ ಅನ್ನ

ಅಕ್ಕಿಯ ಮೂರನೆಯ ನೀರು ಬಸಿದು, ಶಾಲೆಯ ಅಡುಗೆಮನೆಯ ಮೂಲೆಯಲ್ಲಿದ್ದ ಡಬ್ಬಿಯ ಮುಚ್ಚಳ ತೆಗೆದ ಹುಲಿಗೆಮ್ಮ ಹಾಗೇ ನಿಂತಳು.

"ಇವತ್ತೂ ಹಾಕ್ತೀಯಾ ಅಕ್ಕ?" ಎಂದಳು ಜೊತೆಯಲ್ಲಿ ಅಡುಗೆ ಮಾಡುವ ಕನ್ನಮ್ಮ, ಸೌತೆಕಾಯಿ ಹೆಚ್ಚುವುದನ್ನು ನಿಲ್ಲಿಸದೆ. "ಹೋದ ಸೋಮವಾರದ್ದು ಪುಟ್ಟಪ್ಪನ ಎಮ್ಮೆ ತಿಂತು. ಅದರ ಹಿಂದಿನ ವಾರದ್ದೂ ಅದೇ ತಿಂತು. ಅದನ್ನೂ ಶಾಲೆಗೆ ಸೇರಿಸಿಬಿಡಾಣ, ಹಾಜರಿನಾದ್ರೂ ಹೆಚ್ಚಾಗ್ತದೆ."

ಹುಲಿಗೆಮ್ಮ ನಗಲಿಲ್ಲ. ಡಬ್ಬಿಯ ಅಕ್ಕಿಯನ್ನು ಪಾತ್ರೆಗೆ ಸುರಿದಳು.

ಆ ಡಬ್ಬಿಯ ವಿಷಯ ಕನ್ನಮ್ಮನನ್ನು ಬಿಟ್ಟರೆ ಶಾಲೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮಂಗಳವಾರದಿಂದ ಶುಕ್ರವಾರದವರೆಗೆ ದಿನದ ಅಕ್ಕಿ ಅಳೆದ ಮೇಲೆ ಹುಲಿಗೆಮ್ಮ ಅದರಿಂದ ಮೂರು ಹಿಡಿ ತೆಗೆದು ಅದರಲ್ಲಿ ಹಾಕುತ್ತಿದ್ದಳು. ವಾರ ಮುಗಿಯುವಾಗ ಹತ್ತಿರ ಹತ್ತಿರ ಒಂದು ಸೇರಾಗುತ್ತಿತ್ತು. ಅಷ್ಟೂ ಸೋಮವಾರದ ಅನ್ನಕ್ಕೆ. ಶನಿವಾರ ಶಾಲೆ ಬಿಡುವಾಗ ಮಕ್ಕಳು ಉಂಡ ಉಪ್ಪಿಟ್ಟು ಭಾನುವಾರ ದಾಟುವುದಿಲ್ಲ ಎನ್ನುವುದನ್ನು ಅವಳು ಈ ಅಡುಗೆಮನೆಗೆ ಬಂದ ಮೊದಲ ತಿಂಗಳಲ್ಲೇ ಕಂಡುಕೊಂಡಿದ್ದಳು. ಸೋಮವಾರ ಗಂಟೆ ಹೊಡೆಯುವ ಮೊದಲೇ ಕೆಲವು ಮಕ್ಕಳು ಕೈ ತೊಳೆದು ನಿಂತಿರುತ್ತಿದ್ದವು. ಬೆಳಿಗ್ಗೆ ಕೊಡುವ ಹಾಲಿನ ಲೋಟದ ತಳವನ್ನು ಬೆರಳಿನಲ್ಲಿ ಒರೆಸಿ ನೆಕ್ಕುತ್ತಿದ್ದವು. ಊಟಕ್ಕೆ ಕೂತರೆ ಎರಡನೆಯ ಸಲ, ಮೂರನೆಯ ಸಲ ತಟ್ಟೆ ಎತ್ತುತ್ತಿದ್ದವು.

ಹುಲಿಗೆಮ್ಮ ಯಾರನ್ನೂ ಏನೂ ಕೇಳುತ್ತಿರಲಿಲ್ಲ. ಎತ್ತಿದ ತಟ್ಟೆಗೆ ಹಾಕುತ್ತಿದ್ದಳು, ಅಷ್ಟೆ. ಬಡಿಸುವಾಗ ಅವಳು ತಟ್ಟೆ ನೋಡುತ್ತಿದ್ದಳೇ ಹೊರತು ಮುಖ ನೋಡುತ್ತಿರಲಿಲ್ಲ. ಚಿಕ್ಕವಳಿದ್ದಾಗ ಅವಳ ಅವ್ವ ಕೆಲಸಕ್ಕೆ ಹೋಗುತ್ತಿದ್ದ ಮನೆಯ ಹಿತ್ತಿಲ ಕಟ್ಟೆಯಲ್ಲಿ ಅವಳಿಗೂ ಊಟ ಹಾಕುತ್ತಿದ್ದರು. ಒಳ್ಳೆಯವರೇ. ಒಂದು ದಿನ ಆ ಮನೆಯ ಅಮ್ಮ ಬಂದ ನೆಂಟರನ್ನು ಹಿತ್ತಿಲಿಗೆ ಕರೆದು, ಈ ಹುಡುಗಿ ಉಣ್ಣೋದು ನೋಡಿ ಎಷ್ಟು ಚೆಂದ ಎಂದು ತೋರಿಸಿದ್ದರು. ಬಾಯಲ್ಲಿದ್ದ ತುತ್ತನ್ನು ಅವರೆದುರೇ ಅಗಿಯಬೇಕೋ ನುಂಗಬೇಕೋ ತಿಳಿಯದೆ ಹುಲಿಗೆಮ್ಮ ಹಾಗೇ ಕೂತಿದ್ದಳು. ನಲವತ್ತು ವರ್ಷವಾದರೂ ಆ ತುತ್ತು ಅವಳಿಗೆ ನೆನಪಿತ್ತು.

ಅಷ್ಟು ನೆನಪಿದ್ದವಳು ಹೋಗಿ ಹೋಗಿ ಹೆಸರು ಹೇಳಿಬಿಟ್ಟಿದ್ದಳು.

ಮೇಘನಾ ಮೇಡಂ ತೀರ್ಥಹಳ್ಳಿಯಿಂದ ಮೊದಲ ಸಲ ಬಂದಾಗ ಆಫೀಸಿನಲ್ಲಿ ಕೂರಲಿಲ್ಲ. ಸೀದಾ ಅಡುಗೆಮನೆಗೆ ಬಂದು, ಒಳ್ಳೆಯ ಸೀರೆ ಉಟ್ಟಿದ್ದರೂ ಲೆಕ್ಕಿಸದೆ ಮೆಟ್ಟಿಲ ಮೇಲೆ ಹುಲಿಗೆಮ್ಮನ ಪಕ್ಕದಲ್ಲೇ ಕೂತರು. ತಮ್ಮದು ಹೆಂಗಸರದ್ದೇ ಒಂದು ಸಂಘ, ಶನಿವಾರ ಭಾನುವಾರ ಮಕ್ಕಳು ಹಸಿದಿರಬಾರದು ಎಂದು ಹೊರಟಿದ್ದೇವೆ, ಕೋಣಂದೂರು ಕಡೆಯ ನಾಲ್ಕು ಶಾಲೆ ಆರಿಸಿದ್ದೇವೆ ಎಂದರು. ಯಾವ ಮಕ್ಕಳಿಗೆ ಕೊಡಬೇಕು ಅಂತ ಮೇಷ್ಟ್ರನ್ನು ಕೇಳಿದರೆ ಹಾಜರಿ ಪುಸ್ತಕ ತೋರಿಸುತ್ತಾರೆ, ನಿಜವಾಗಿ ಗೊತ್ತಿರುವುದು ನಿಮಗೆ ಎಂದು ಅವಳ ಕೈ ಹಿಡಿದುಕೊಂಡರು. ಇಲ್ಲಿ ಅಡುಗೆಗೆ ಸೇರಿದ ಹನ್ನೊಂದು ವರ್ಷದಲ್ಲಿ ಅವಳಿಗೆ ಏನಾದರೂ ಗೊತ್ತಿರಬಹುದು ಎಂದು ಯಾರಿಗೂ ಅನ್ನಿಸಿರಲಿಲ್ಲ. ಬೂದಿ ಉಪ್ಪು ಹತ್ತಿದ ಆ ಕೈಯನ್ನು ಅವರು ಬಿಡಲೂ ಇಲ್ಲ. ಹುಲಿಗೆಮ್ಮ ಇನ್ನೊಂದು ಕೈಯ ಬೆರಳು ಮಡಚುತ್ತಾ ಏಳು ಹೆಸರು ಹೇಳಿದಳು. ಹೇಗೆ ಗೊತ್ತು ಎಂದು ಅವರು ಕೇಳಿದ್ದಕ್ಕೆ, "ಸೋಮವಾರ ಉಣ್ಣೋದ್ರಲ್ಲೇ ಗೊತ್ತಾಗ್ತದಮ್ಮ" ಎಂದಳು. ಅವರು ಅದನ್ನು ಪುಸ್ತಕದಲ್ಲಿ ಬರೆದುಕೊಂಡರು.

ಚೀಲಗಳು ಚೆನ್ನಾಗಿಯೇ ಇದ್ದವು. ಅವಲಕ್ಕಿ, ಬೆಲ್ಲ, ಕಡಲೆಬೀಜ, ಬ್ರೆಡ್ಡು, ನಾಲ್ಕು ಬಾಳೆಹಣ್ಣು. ಅಚ್ಚ ಹಳದಿ ಬಟ್ಟೆ, ಮೇಲೆ ತಟ್ಟೆ ಹಿಡಿದ ಎರಡು ಕೈಗಳ ಚಿತ್ರ, ಕೆಳಗೆ ಸಂಘದ ಹೆಸರು. ಮೊದಲ ಶನಿವಾರ ಪ್ರಾರ್ಥನೆಯ ಜಾಗದಲ್ಲಿ ಎಲ್ಲ ಮಕ್ಕಳನ್ನೂ ಕೂರಿಸಿ, ಏಳು ಮಕ್ಕಳನ್ನು ಹೆಸರು ಹಿಡಿದು ಕರೆದರು. ಸಾಲಾಗಿ ನಿಲ್ಲಿಸಿ ಫೋಟೊ ತೆಗೆದರು. ಮೇಘನಾ ಮೇಡಂ ಭಾಷಣದಲ್ಲಿ, ಹಸಿವನ್ನು ಗುರುತಿಸಿದ ಕಣ್ಣು ನಿಮ್ಮ ಅಡುಗೆ ಅಕ್ಕನದು ಎಂದು ಸೋಮವಾರದ ಮಾತನ್ನೂ ಸೇರಿಸಿ ಹೇಳಿ ಚಪ್ಪಾಳೆ ತಟ್ಟಿಸಿದರು. ಹಿಂದೆ ನಿಂತಿದ್ದ ಹುಲಿಗೆಮ್ಮ ನಾಚಿಕೆಯಿಂದ ಸೆರಗು ಸರಿಮಾಡಿಕೊಂಡಿದ್ದಳು. ಅದು ನೆನಪಾದರೆ ಈಗ ಮೈ ಉರಿಯುತ್ತಿತ್ತು.

ಊಟದ ಗಂಟೆ ಹೊಡೆಯಿತು. ಹುಲಿಗೆಮ್ಮ ಸ್ಟೀಲಿನ ಸಣ್ಣ ಬಟ್ಟಲು ಹಿಡಿದು ಸಾಲಿನ ಆ ತುದಿಯಿಂದ ಬಡಿಸುತ್ತಾ ಬಂದಳು. ಮೊದಲ ಸುತ್ತಿಗೆ ಒಬ್ಬೊಬ್ಬರಿಗೆ ಒಂದು ಬಟ್ಟಲು ಅನ್ನ. ಆಮೇಲೆ ಬೇಕಾದವರು ತಟ್ಟೆ ಎತ್ತುವುದು. ಅದು ಮೊದಲಿನಿಂದ ಬಂದ ಕ್ರಮ. ಎರಡನೆಯ ಸುತ್ತಿಗೆ ಹೊರಟವಳು ಇವತ್ತು ಬೇಕೆಂದೇ ಮುಖಗಳನ್ನು ನೋಡಿದಳು. ಅಂಗಡಿಯವರ ಮಗ ತಟ್ಟೆ ಎತ್ತಿದ. ಬಸ್ ಕಂಡಕ್ಟರನ ಮಗಳು ಎತ್ತಿದಳು. ಅವಳು ಬೆರಳು ಮಡಚಿದ ಏಳು ಮಕ್ಕಳಲ್ಲಿ ಒಬ್ಬರೂ ಎತ್ತಲಿಲ್ಲ. ಆರನೆಯ ಕ್ಲಾಸಿನ ಮಂಜುಶ್ರೀ ಖಾಲಿ ತಟ್ಟೆಯ ಮೇಲೆ ಅಂಗೈ ಮುಚ್ಚಿ ಹಿಡಿದು ಗೋಡೆ ನೋಡುತ್ತಿದ್ದಳು. ಪಕ್ಕದಲ್ಲಿ ಕೂತಿದ್ದ ಅವಳ ತಂಗಿ, ಎರಡನೆಯ ಕ್ಲಾಸಿನದು, ತಟ್ಟೆಗೆ ಕೈ ಹಾಕುವಷ್ಟರಲ್ಲಿ ಮಂಜುಶ್ರೀ ಅದರ ತೊಡೆ ಚಿವುಟಿದಳು.

ನಲ್ಲಿಯ ಹತ್ತಿರ ತಟ್ಟೆ ತೊಳೆಯುತ್ತಿದ್ದವಳನ್ನು ಹುಲಿಗೆಮ್ಮ ಹಿಡಿದಳು.

"ಹೊಟ್ಟೆಗೆ ಹುಷಾರಿಲ್ವನೇ?"

"ಹುಷಾರಿದೀನಿ."

"ಮತ್ತೆ ಒಂದೇ ಬಟ್ಟಲಿಗೆ ಎದ್ಯಲ್ಲ."

ಮಂಜುಶ್ರೀ ತೊಳೆದ ತಟ್ಟೆಯನ್ನೇ ಮತ್ತೆ ತೊಳೆದಳು. "ಸೋಮವಾರ ಜಾಸ್ತಿ ಉಂಡೋರ ಹೆಸರು ನೀವೇ ಬರ್ಸಿದ್ದಂತಲ್ಲ ಅಕ್ಕ. ಕಮ್ಮಿ ಉಂಡ್ರೆ ಹೆಸರು ತೆಗೀತಾರೆ."

ದೂರುವ ಧ್ವನಿಯಾಗಿರಲಿಲ್ಲ ಅದು. ಭಾನುವಾರ ಬಸ್ಸಿಲ್ಲ ಎಂದು ಹೇಳುವ ಹಾಗೆ ಹೇಳಿ ತಂಗಿಯ ಕೈ ಹಿಡಿದುಕೊಂಡು ಹೋದಳು.

ಅಡುಗೆಮನೆಯಲ್ಲಿ ಕನ್ನಮ್ಮ ಉಳಿದ ಅನ್ನವನ್ನು ಬಕೀಟಿಗೆ ತುಂಬುತ್ತಿದ್ದಳು. ಬಾಗಿಲಲ್ಲಿ ನಿಂತ ಹೆಡ್ ಮಾಸ್ಟರ್ ಮಂಜುನಾಥಪ್ಪ ಅದರ ಫೋಟೊ ತೆಗೆಯುತ್ತಿದ್ದರು. ಮಕ್ಕಳ ಹೊಟ್ಟೆ ಮನೆಯಲ್ಲೇ ತುಂಬುತ್ತಿದೆ ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ, ಮೇಡಂಗೆ ಕಳಿಸುತ್ತೇನೆ ಎಂದರು. ಅವರ ಮುಖದಲ್ಲಿ ನಿಜವಾದ ಸಂತೋಷವಿತ್ತು.

ಮಾರನೆಯ ದಿನ ರೇಷನ್ ಅಂಗಡಿಯ ಮುಂದೆ ಮಂಜುಶ್ರೀಯ ಅಜ್ಜಿ ಸಿಕ್ಕಿದಳು. ಕಣ್ಣಿಗೆ ಪೊರೆ ಬಂದು, ಧ್ವನಿಯಲ್ಲೇ ಜನರನ್ನು ಗುರುತಿಸುವ ಮುದುಕಿ. ಆ ಮನೆಯಲ್ಲಿ ಅವಳೂ ಇಬ್ಬರು ಮೊಮ್ಮಕ್ಕಳೂ ಮಾತ್ರ. ಮಕ್ಕಳ ತಾಯಿ ಶಿವಮೊಗ್ಗದಲ್ಲಿ ಒಬ್ಬರ ಮನೆಯಲ್ಲೇ ಉಳಿದು ಕೆಲಸ ಮಾಡುತ್ತಿದ್ದವಳು ಹದಿನೈದು ದಿನಕ್ಕೊಮ್ಮೆ ಬಂದು ಹೋಗುತ್ತಿದ್ದಳು. ಅಜ್ಜಿ ಸಾಲಿನಿಂದ ಸ್ವಲ್ಪ ಈಚೆ ಬಂದು ತಗ್ಗಿದ ದನಿಯಲ್ಲಿ ನಡೆದದ್ದು ಹೇಳಿದಳು. ಚೀಲದ ಫೋಟೊ ಯಾರಿಂದ ಯಾರಿಗೋ ಹೋಗಿ ಶಿವಮೊಗ್ಗದ ಆ ಮನೆಯ ಯಜಮಾನಿಯ ಫೋನಿಗೆ ಬಂದಿತ್ತು. ಇದು ನಿನ್ನ ಮಗಳಲ್ವಾ, ನಾವು ಕೊಡೋದು ನಿನಗೆ ಸಾಲದಾ, ಮಕ್ಕಳನ್ನು ಹೀಗೆ ನಿಲ್ಲಿಸಿದೀಯಲ್ಲ ಎಂದು ಆಕೆ ನೆಂಟರೆದುರೇ ಕೇಳಿದಳಂತೆ. ಮಕ್ಕಳ ತಾಯಿ ಅದೇ ವಾರ ಬಂದು ಮಂಜುಶ್ರೀಗೆ ಬಾರಿಸಿ, ಆ ಚೀಲ ಇನ್ನೊಂದು ಸಲ ಹೊಸಿಲು ದಾಟಿದರೆ ನೋಡು ಎಂದು ಹೇಳಿ, ಆಮೇಲೆ ಬಚ್ಚಲಲ್ಲಿ ಕೂತು ಅತ್ತಳಂತೆ.

"ಮತ್ತೆ ಶನಿವಾರ ಭಾನುವಾರ ಎಂತ ಮಾಡ್ತೀರಿ?" ಹುಲಿಗೆಮ್ಮ ಕೇಳಿದಳು.

"ಎಂತ ಮಾಡೋದು. ಮೊದ್ಲು ಹೆಂಗೆ ಮಾಡ್ತಿದ್ವೋ ಹಂಗೆ. ಗಂಜಿಗೆ ನೀರು." ಮುದುಕಿ ಅವಳ ಭುಜ ಹುಡುಕಿ ಮುಟ್ಟಿದಳು. "ಮೊದ್ಲು ಸೋಮವಾರ ನಿನ್ನ ಕೈಯ ಅನ್ನ ಒಂದಿತ್ತು, ಹೊಟ್ಟೆ ತುಂಬ ಉಂಡ್ಕಂಡು ಬರ್ತಿದ್ವು. ಈಗ ಅದನ್ನೂ ಉಣ್ಣಲ್ವಂತೆ ಇವು. ನೀನು ಒಳ್ಳೇದಕ್ಕೇ ಹೇಳಿದ್ದು ಕಣೆ, ನಂಗೆ ಗೊತ್ತು. ಆದ್ರೆ ಇನ್ನು ನಮ್ಮನೆ ಹೆಸರು ಎಲ್ಲೂ ಹೇಳ್ಬೇಡ."

ಗುರುವಾರ ಮೇಘನಾ ಮೇಡಂ ಬಂದರು. ಸೋಮವಾರದ ಬಕೀಟಿನ ಫೋಟೊವನ್ನು ದಾನ ಕೊಟ್ಟವರೆಲ್ಲ ನೋಡಿ ಸಂತೋಷಪಟ್ಟಿದ್ದಾರೆ, ಇನ್ನೂ ಹತ್ತು ಮಕ್ಕಳಿಗೆ ಕೊಡಬಹುದು, ಹೆಸರು ಬೇಕು ಎಂದರು. ಈ ಸಲವೂ ಮೆಟ್ಟಿಲ ಮೇಲೆ ಪಕ್ಕದಲ್ಲೇ ಕೂತರು. ಮಂಜುನಾಥಪ್ಪ ನಿಂತೇ ಇದ್ದರು. ಸೋಮವಾರ ಅನ್ನ ದಂಡವಾಗುತ್ತಿದೆ, ಇನ್ನು ಮೇಲೆ ಅಕ್ಕಿ ಸ್ವಲ್ಪ ಕಡಿಮೆಯೇ ಹಾಕಿ ಎಂದು ನಡುವೆ ಹೇಳಿದರು.

ಹುಲಿಗೆಮ್ಮ ನೆಲ ನೋಡುತ್ತಾ, "ಫೋಟೊ ಹಾಕದಿದ್ರೆ ಆಗ್ತಿತ್ತಮ್ಮ" ಎಂದಳು.

ಮೇಘನಾ ಮೇಡಂ ಬೇಸರಪಡಲಿಲ್ಲ. ಕೊಟ್ಟವರಿಗೆ ತೋರಿಸದಿದ್ದರೆ ಮುಂದಿನ ತಿಂಗಳು ಕೊಡುವುದಿಲ್ಲ, ಬೇಕಾದರೆ ಮುಖ ಕಾಣದ ಹಾಗೆ ಹಾಕುತ್ತೇವೆ ಎಂದರು. ಈ ಊರಲ್ಲಿ ಒಂದು ಮಗುವನ್ನು ಗುರುತಿಸಲು ಮುಖವೇ ಬೇಕೇ; ಲಂಗ ಸಾಕು, ನಿಂತ ರೀತಿ ಸಾಕು, ಆ ಹಳದಿ ಸಾಕು. ಅದನ್ನು ಅವರಿಗೆ ಹೇಗೆ ಹೇಳುವುದೆಂದು ಅವಳಿಗೆ ತಿಳಿಯಲಿಲ್ಲ. ಹೇಳಿದರೆ ಮಂಜುಶ್ರೀಯ ತಾಯಿ ಬಚ್ಚಲಲ್ಲಿ ಕೂತು ಅತ್ತದ್ದನ್ನೂ ಹೇಳಬೇಕಾಗುತ್ತಿತ್ತು. ಅವರು ಅದನ್ನೂ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು.

"ಹತ್ತು ಹೆಸರು ಹೇಳಿ ಹುಲಿಗೆಮ್ಮಕ್ಕ. ನಿಮ್ಮನ್ನ ಬಿಟ್ರೆ ಯಾರಿಗೆ ಗೊತ್ತು?"

"ನಂಗೆ ಯಾರೂ ಗೊತ್ತಿಲ್ಲಮ್ಮ" ಎಂದಳು ಹುಲಿಗೆಮ್ಮ.

ಅವರ ಮುಖ ಸ್ವಲ್ಪ ಬಾಡಿತು. ಮಂಜುನಾಥಪ್ಪ, ಪಾಪ ಕೆಲಸದ ಒತ್ತಡ, ನಾನೇ ಕ್ಲಾಸ್ ಟೀಚರುಗಳನ್ನು ಕೇಳಿ ಕೊಡುತ್ತೇನೆ ಎಂದರು. ಹತ್ತು ಹೆಸರು ಶುಕ್ರವಾರ ಬೆಳಿಗ್ಗೆಯೇ ಸಿದ್ಧವಾಯಿತು.

ಶನಿವಾರ ಅವಳಿಗೆ ಶಾಲು ಹೊದಿಸಿದರು. ಒಲೆಯ ಮೇಲೆ ಉಪ್ಪಿಟ್ಟು ತಳ ಹಿಡಿಯುತ್ತದೆ ಎಂದರೂ ಬಿಡಲಿಲ್ಲ. ಶಾಲಿನ ಮೇಲೆ ಹಾರ, ಕೈಯಲ್ಲಿ ತೆಂಗಿನಕಾಯಿ. ಇವತ್ತು ಚೀಲಗಳನ್ನು ಹುಲಿಗೆಮ್ಮಕ್ಕನ ಕೈಯಿಂದಲೇ ಕೊಡಿಸೋಣ ಎಂದು ಮೇಘನಾ ಮೇಡಂ ಹೇಳಿದಾಗ ಮಕ್ಕಳು ಚಪ್ಪಾಳೆ ತಟ್ಟಿದರು. ಹದಿನೇಳು ಚೀಲ. ಒಂದೊಂದು ಹೆಸರಿಗೂ ಹಿಂದಿನ ಸಾಲಿನಲ್ಲಿ ಯಾರೋ ಮೆಲ್ಲಗೆ, "ಸೋಮವಾರ ಬಂತು" ಎನ್ನುತ್ತಿದ್ದರು; ಹತ್ತಿರದವರು ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ಮಂಜುಶ್ರೀ ಬಂದಾಗ ಹುಲಿಗೆಮ್ಮ ಅವಳ ಮುಖ ನೋಡಲಿಲ್ಲ. ಚೀಲ ತೆಗೆದುಕೊಳ್ಳಲು ಚಾಚಿದ ಎರಡು ಕೈಗಳನ್ನು ಮಾತ್ರ ನೋಡಿದಳು. ಚೀಲದ ಮೇಲಿನ ಚಿತ್ರದ ಕೈಗಳು ಅವಕ್ಕಿಂತ ತುಂಬಿಕೊಂಡಿದ್ದವು. ಈ ಕಡೆ ನೋಡಿ ಎಂದರು ಫೋಟೊದವರು. ಹುಲಿಗೆಮ್ಮ ನೋಡಿದಳು. ಮಂಜುಶ್ರೀ ನೋಡಲಿಲ್ಲ.

ಮಧ್ಯಾಹ್ನ ಎಲ್ಲರೂ ಹೋದ ಮೇಲೆ ಪಾತ್ರೆ ತೊಳೆದಿಟ್ಟು, ಗ್ಯಾಸಿನ ಖಾಲಿ ಸಿಲಿಂಡರ್ ಸರಿಸಲು ಹೋದಾಗ ಅದರ ಹಿಂದೆ ಹಳದಿ ಚೀಲ ಕಂಡಿತು. ಗಂಟು ಬಿಚ್ಚಿರಲಿಲ್ಲ. ನಾಲ್ಕು ಬಾಳೆಹಣ್ಣೂ ಹಾಗೇ ಇದ್ದವು. ಮನೆಗೆ ಒಯ್ಯುವ ಹಾಗಿಲ್ಲ, ದಾರಿಯಲ್ಲಿ ಎಸೆಯಲು ಮನಸ್ಸು ಬಂದಿರಲಿಕ್ಕಿಲ್ಲ. ಮಂಜುಶ್ರೀ ಅದನ್ನು ಕೊಟ್ಟವಳ ಹತ್ತಿರವೇ ಬಿಟ್ಟು ಹೋಗಿದ್ದಳು. ಹುಲಿಗೆಮ್ಮ ಅದರ ಮುಂದೆ ಕುಕ್ಕರಗಾಲಲ್ಲಿ ಕೂತಳು. ಇದನ್ನು ಬೇರೆ ಚೀಲಕ್ಕೆ ತುಂಬಿ ಕತ್ತಲಾದ ಮೇಲೆ ಕೊಟ್ಟು ಬರಬಹುದಿತ್ತು. ಅಜ್ಜಿ ಬೇಡ ಎನ್ನುತ್ತಿರಲಿಲ್ಲವೇನೋ. ಆದರೆ ಆ ಹುಡುಗಿ ಬಾಗಿಲಲ್ಲಿ ನಿಂತು ನೋಡುತ್ತಾಳೆ.

"ಹೊರಡಾಣ ಅಕ್ಕ, ಬಸ್ಸು ಬರ್ತದೆ" ಎಂದು ಕನ್ನಮ್ಮ ಹೊರಗಿನಿಂದ ಕರೆದಳು. "ಶಾಲು ಹೊದ್ಕಂಡೇ ಬಾ, ಇವತ್ತು ಕಂಡಕ್ಟರ್ ಟಿಕೇಟ್ ಕೇಳಲ್ಲ."

ಹುಲಿಗೆಮ್ಮ ಎದ್ದಳು. ಶೆಲ್ಫಿನ ಮೇಲಿಂದ ಅನ್ನ ಬಡಿಸುವ ಸಣ್ಣ ಬಟ್ಟಲು ತೆಗೆದಳು. ಮೂಲೆಯಲ್ಲಿ ಬೇಳೆ ನೆನೆಸುವ ದೊಡ್ಡ ಬಟ್ಟಲಿತ್ತು. ಅದನ್ನು ಬೋಗುಣಿ ಎಂದರೂ ಆಗುತ್ತಿತ್ತು. ಸಣ್ಣದರಲ್ಲಿ ನೀರು ತುಂಬಿ ದೊಡ್ಡದಕ್ಕೆ ಸುರಿದಳು. ಇನ್ನೊಂದು ಸಲ ಸುರಿದಳು. ಬಾಯಿವರೆಗೆ ಬರಲು ಇನ್ನೂ ಎರಡು ಬೆರಳು ಬೇಕಿತ್ತು. ಮೊದಲ ಸುತ್ತಿಗೇ ಎಲ್ಲರ ತಟ್ಟೆಗೂ ಇಷ್ಟು ಬಿದ್ದರೆ ಯಾರೂ ತಟ್ಟೆ ಎತ್ತಬೇಕಾಗಿಲ್ಲ. ಅಂಗಡಿಯವರ ಮಗ ಬಿಡುತ್ತಾನೆ, ಸಣ್ಣ ಮಕ್ಕಳು ಬಿಡುತ್ತವೆ. ಬಕೀಟು ಇನ್ನೂ ತುಂಬುತ್ತದೆ. ಮಂಜುನಾಥಪ್ಪನವರು ಅದರ ಫೋಟೊ ತೆಗೆಯುವುದಿಲ್ಲ, ಬಯ್ಯುತ್ತಾರೆ. ಶಾಲು ಹೊದಿಸಿದ ಮೇಲೆ ಇವಳಿಗೆ ಕೈ ಹದ ತಪ್ಪಿತು ಎಂದು ಟೀಚರುಗಳು ಮಾತಾಡಿಕೊಳ್ಳುತ್ತಾರೆ. ಡಬ್ಬಿಗೆ ಇನ್ನು ಮೂರು ಹಿಡಿ ಸಾಲದು.

"ಎಂತ ಮಾಡ್ತಿದೀಯೇ ಒಳಗೆ?"

"ಏನಿಲ್ಲ. ಬಂದೆ."

ನೀರು ಚೆಲ್ಲಿದಳು. ಸಣ್ಣ ಬಟ್ಟಲನ್ನು ಇನ್ನು ಯಾರ ಕೈಗೂ ಸಿಗದ ಹಾಗೆ ಹಳದಿ ಚೀಲದೊಳಗೆ ಹಾಕಿ ಮೇಲೆ ಶಾಲು ತುರುಕಿದಳು. ಶೆಲ್ಫಿನ ಹಲಗೆಯ ಮೇಲೆ ಹನ್ನೊಂದು ವರ್ಷ ಒಂದೇ ಕಡೆ ಕೂತ ಸಣ್ಣ ಬಟ್ಟಲಿನ ದುಂಡನೆಯ ಕಲೆ ಇತ್ತು. ದೊಡ್ಡ ಬಟ್ಟಲನ್ನು ಸೆರಗಿನಿಂದ ಒರೆಸಿ ಅಲ್ಲೇ ಬೋರಲು ಹಾಕಿದಳು. ಕಲೆ ಅದರಡಿ ಪೂರ್ತಿ ಮುಚ್ಚಿಹೋಯಿತು.