ಮೈಕು ನಿಂತ ಭಾನುವಾರ

ಬೇಸಿಗೆ ಮುಗಿಯುತ್ತ ಬಂದಿದ್ದ ಕಾಲ, ಭಾನುವಾರ ಬೆಳಗಿನ ಆರಾಧನೆಯ ಹೊತ್ತು. ಚರ್ಚಿನಲ್ಲಿ ಎಲ್ಲರೂ ಕಣ್ಣು ಮುಚ್ಚಿದ್ದರು. ಮುಂದೆ ನಿಂತು ಸಭೆಯ ಪರವಾಗಿ ಪ್ರಾರ್ಥಿಸುತ್ತಿದ್ದವನು ಗಾಜಿನವ. ಕಿಟಕಿಗೂ ಕನ್ನಡಿಗೂ ಗಾಜು ಕೊಯ್ದು ಕೊಡುವುದು ಅವನ ಕಸುಬು. ಪ್ರಾರ್ಥನೆಯಲ್ಲಿ ಮಾತ್ರ ಅವನದು ಎತ್ತಿದ ಕೈ. ಅವನು ಬಾಯಿ ತೆರೆದರೆ ಮುದುಕಿಯರು ಕಣ್ಣೊರೆಸಿಕೊಳ್ಳುತ್ತಿದ್ದರು. ಮೈಕು ಬಂದ ಮೇಲಂತೂ ಪಕ್ಕದ ಬೀದಿಯಿಂದ ಮೂವರು ಅವನನ್ನು ಕೇಳಲೆಂದೇ ಬರತೊಡಗಿದ್ದರು.

"ಕಾಯಿಲೆಯಿಂದ ನರಳುವವರನ್ನು ನೆನೆಸಿಕೋ ತಂದೆಯೇ, ಅವರಲ್ಲಿ ವಿಶೇಷವಾಗಿ..." ಎನ್ನುವಷ್ಟರಲ್ಲಿ ಕರೆಂಟು ಹೋಯಿತು. ಅವನು ಅಲ್ಲಿಗೇ ನಿಲ್ಲಿಸಿದ. ಮೈಕನ್ನು ತಟ್ಟಿದ, ಊದಿದ, ಕಾದ. ಸಭೆಯೂ ಕಣ್ಣು ಮುಚ್ಚಿಕೊಂಡೇ ಕಾಯಿತು. ಕೊನೆಗೆ ಫ್ಯಾನು ತಿರುಗಿ ಮೈಕು ಕೀಂ ಎಂದಾಗ ಗಂಟಲು ಸರಿಮಾಡಿಕೊಂಡು, "ದೂರ ಪ್ರಯಾಣದಲ್ಲಿರುವವರನ್ನು..." ಎಂದು ಮುಂದಕ್ಕೆ ಹೋದ.

'ವಿಶೇಷವಾಗಿ' ಎಂದ ಮೇಲೆ ಬರಬೇಕಾಗಿದ್ದವಳು ಅವನ ಹೆಂಡತಿ. ಗುರುವಾರ ಅವಳ ಹೊಟ್ಟೆಯ ಗಡ್ಡೆ ತೆಗೆಯುವುದಿತ್ತು.

"ಕರೆಂಟಿಲ್ದಿದ್ರೆ ದೇವರಿಗೆ ಕಿವಿ ಕೇಳಲ್ವೇನ್ರೀ?" ಮನೆಯ ದಾರಿಯಲ್ಲಿ ಅವಳು ಕೇಳಿದಳು.

"ಜನಕ್ಕೆ ಕೇಳ್ಬೇಕಲ್ಲ."

"ಸರಿ ಬಿಡಿ, ಜನಾನೇ ಆಪರೇಷನ್ ಮಾಡ್ಲಿ."

ಹೇಳಿ ನಕ್ಕಳು. ಅವನಿಗೆ ನಗು ಬರಲಿಲ್ಲ.

ಅಂದಿನಿಂದ ಅವನು ನಿಂತಲ್ಲಿ ನಿಲ್ಲಲಿಲ್ಲ, ಕೂತಲ್ಲಿ ಕೂರಲಿಲ್ಲ. ಅಂಗಡಿಯಲ್ಲಿ ಗಾಜಿಗೆ ಗೆರೆ ಎಳೆಯುತ್ತ ಮುಂದಿನ ಭಾನುವಾರದ ಸಾಲುಗಳನ್ನು ಹೊಂದಿಸುವುದು, ಎದುರಿನ ಕನ್ನಡಿಯಲ್ಲಿ ತನ್ನ ಮುಖ ನೋಡಿಕೊಳ್ಳುವುದು ಅವನಿಗೆ ರೂಢಿಯಾಗಿ ಹೋಗಿತ್ತು. ಈಗ ಆ ಮುಖ ಕಂಡರೆ ಮೈ ಉರಿಯುತ್ತಿತ್ತು. ಕನ್ನಡಿಯನ್ನು ಗೋಡೆಯ ಕಡೆಗೆ ತಿರುಗಿಸಿಟ್ಟ. ಆದರೂ ಗೆರೆ ಒಂದು ಕಡೆ ಇದ್ದರೆ ಗಾಜು ಇನ್ನೊಂದು ಕಡೆ ಸೀಳಿತು.

ಬುಧವಾರ ಸಂಜೆ ಅವಳು ಈರುಳ್ಳಿ ಸುಲಿಯುತ್ತ ಕೂತಿದ್ದಳು. "ಈಗ್ಲೇ ಒಂದ್ಸಲ ನನಗೋಸ್ಕರ ಪ್ರಾರ್ಥನೆ ಮಾಡಿ. ನಾಳೆ ಗಡಿಬಿಡಿ" ಎಂದಳು.

ಅವನು ಎದ್ದು ನಿಂತ. ಅಡುಗೆಮನೆಯಲ್ಲೂ ಅವನಿಗೆ ನಿಂತೇ ಅಭ್ಯಾಸ. "ನಕ್ಷತ್ರಗಳಿಗೆ ದಾರಿ ತೋರಿಸುವ ಸರ್ವಲೋಕದ ಒಡೆಯನೇ..."

"ಇದು ಭಾನುವಾರದ್ದು ಕಣ್ರೀ. ನನಗೆ ಇದು ಬೇಡ."

ಬೇರೆ ಯಾವುದು? ಅವನು ಹುಡುಕಿದ, ಒಳಗೆ ಏನೂ ಇರಲಿಲ್ಲ. ಅವಳು ಇನ್ನೊಂದು ಈರುಳ್ಳಿ ಕೈಗೆತ್ತಿಕೊಂಡಳು. ಅವನು ಚಪ್ಪಲಿ ಮೆಟ್ಟಿಕೊಂಡು ಬೀದಿಗೆ ಇಳಿದ, ತಿರುವಿನ ತನಕ ಹೋದ, ಮತ್ತೆ ಬಂದ, ಮತ್ತೆ ಹೋದ.

ಗುರುವಾರ ಆಸ್ಪತ್ರೆಯಲ್ಲಿ ನರ್ಸು ಅವಳನ್ನು ಮಲಗಿಸಿದ್ದ ಗಾಡಿ ತಳ್ಳಿಕೊಂಡು ಹೊರಟಳು. ಅವನು ಪಕ್ಕದಲ್ಲೇ ಓಡುನಡಿಗೆ ಹಾಕಿದ. ಆಪರೇಷನ್ ಕೋಣೆಯ ದೊಡ್ಡ ಬಾಗಿಲ ಹತ್ತಿರ, "ನೀವಿಲ್ಲೇ ಇರಿ ಅಣ್ಣಾ" ಎಂದು ನರ್ಸು ತಡೆದಾಗ ಹೆಂಡತಿಯ ಕೈ ಹಿಡಿದು, "ಅಪ್ಪಾ... ನಂಗೆ ಭಯ ಆಗ್ತಿದೆ. ಇವಳನ್ನ ನೋಡ್ಕೋ" ಎಂದ.

"ಆಮೆನ್" ಎಂದಳು ಅವಳು. "ಅಷ್ಟು ಸಾಕು, ಕೈ ಬಿಡಿ. ಬೆವರಿದೆ."

ಗಡ್ಡೆ ತೆಗೆದರು. ಅದನ್ನು ಪರೀಕ್ಷೆಗೆ ಕಳಿಸಿದ್ದೇವೆ, ವರದಿ ಬರಬೇಕು ಎಂದರು ಡಾಕ್ಟರು.

ಭಾನುವಾರ ಅವಳೇ ಆಸ್ಪತ್ರೆಯ ಹಾಸಿಗೆಯಿಂದ ಅವನನ್ನು ಗದರಿಸಿ ಚರ್ಚಿಗೆ ಅಟ್ಟಿದಳು. ಪಾಸ್ಟರು ಮೈಕು ಚಾಚಿದರು. ಅವನು ತೆಗೆದುಕೊಳ್ಳಲಿಲ್ಲ.

"ಬೇಡ ಪಾಸ್ಟರೇ. ಅದು ಕೈಯಲ್ಲಿದ್ರೆ ನಾನು ನನ್ನ ದನೀನೇ ಕೇಳಿಸ್ಕೊಂಡು ನಿಂತ್ಬಿಡ್ತೀನಿ."

"ನಿಮ್ಮನ್ನ ಕೇಳೋಕೇ ಬರೋರಿದಾರಲ್ಲ ಅಣ್ಣಾ."

"ಅದೇ ನೋಡಿ ನನ್ನ ಸಂಕಟ."

ಅವನು ಜನರ ಕಡೆ ತಿರುಗಲಿಲ್ಲ. ಮೊದಲ ಬೆಂಚಿನ ಮುಂದೆ ಅವರು ನೋಡುವ ದಿಕ್ಕಿಗೇ ಮುಖ ಮಾಡಿ ಮೊಣಕಾಲೂರಿದ. ಹೆಂಡತಿಯನ್ನು, ಅವಳ ಪಕ್ಕದ ಹಾಸಿಗೆಯ ಅಜ್ಜಿಯನ್ನು ದೇವರಿಗೆ ಒಪ್ಪಿಸಿದ. ಮಾತು ತಡವರಿಸಿತು, ನಡುವೆ ನಿಂತೂ ಹೋಯಿತು.

"ಏನೂ ಕೇಳಿಸ್ತಿಲ್ಲಪ್ಪಾ!" ಹಿಂದಿನಿಂದ ಯಾರೋ ಕೂಗಿದರು. ದನಿ ಎತ್ತಬೇಕೆಂದು ಅವನ ಗಂಟಲು ತುರಿಸಿತು. ಎತ್ತಲಿಲ್ಲ.

ಬೆಂಚು ಕಿರುಗುಟ್ಟಿತು. ಪಕ್ಕದ ಬೀದಿಯ ಮೂವರೂ ಆ ಭಾನುವಾರ ಅರ್ಧಕ್ಕೇ ಎದ್ದು ಹೊರಟುಹೋದರು.