ಮೇ ಮೂರರ ಶಿಲುಬೆ

"ಇಳಿಸೇ ಅದನ್ನ! ಇದೇನು ಸ್ಟೇಡಿಯಮ್ಮೋ, ನಿಮ್ಮಪ್ಪನ ಸ್ಮಶಾನವೋ?"

ಇಂಜಿನಿಯರ್ ಬರ್ರಗಾನ್ ಕೂಗಿದ್ದು ಒಟೀಲಿಯಾಳನ್ನು. ಅವಳು ಮೇಲಂತಸ್ತಿನ ಕೊನೆಯ ಸಾಲಿನಲ್ಲಿ ಮಂಡಿಯೂರಿ ಹೊಸ ಕುರ್ಚಿಗೆ ಬೋಲ್ಟು ಬಿಗಿಯುತ್ತಿದ್ದಳು. ತಲೆಯೆತ್ತಲಿಲ್ಲ. ಬೋಲ್ಟು ಆಗಲೇ ಕೂತಿತ್ತು. ಆದರೂ ಬಿಗಿಯುತ್ತಲೇ ಇದ್ದಳು. 

ಅವಳ ನೆತ್ತಿಯ ಮೇಲೆ, ಚಾವಣಿಯ ಕಬ್ಬಿಣದ ತುದಿಯಲ್ಲಿ, ಶಿಲುಬೆ ನಿಂತಿತ್ತು. ಮೇ ಮೂರು ಮೆಕ್ಸಿಕೊದ ಗಾರೆಯವರ ಹಬ್ಬ. ಕಟ್ಟಡ ಯಾರದೇ ಇರಲಿ, ಅಂದು ಅದರ ಅತಿ ಎತ್ತರದ ಜಾಗದಲ್ಲಿ ಹೂವು, ಬಣ್ಣದ ಕಾಗದ ಸುತ್ತಿದ ಶಿಲುಬೆ ನಿಲ್ಲಿಸುತ್ತಾರೆ. ಕೆಲಸ ಮುಗಿಯುವ ತನಕ ಯಾರೂ ಅದನ್ನು ಮುಟ್ಟುವುದಿಲ್ಲ. ಈ ಸಲದ್ದನ್ನು ಉಳಿದ ಸರಳಿನ ತುಂಡುಗಳಿಂದ ಬೆಸೆದಿದ್ದರು. ಅದಕ್ಕೊಂದು ತಗಡು ಕಟ್ಟಿ, ಮೆಟ್ಟಿಲಂಚಿಗೆ ಬಳಿಯುವ ಹಳದಿ ಬಣ್ಣದಲ್ಲಿ ಒಟೀಲಿಯಾ ತಮ್ಮನ ಹೆಸರು ಬರೆದಿದ್ದಳು: ಕ್ರೆಸೆನ್ಸಿಯೊ.

ಮೂರು ವಾರದ ಹಿಂದೆ ಅವನು ಬಿದ್ದು ಸತ್ತದ್ದು ಅದೇ ತುದಿಯಿಂದ. ಕುಡಿದು ಹತ್ತಿದ್ದ ಎಂದು ಕಂಪನಿ ಬರೆದುಕೊಂಡಿತು. ಅಂದು ಒಟೀಲಿಯಾ ಹತ್ತಡಿ ದೂರದಲ್ಲೇ ಇದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. ಬಾಯಿ ಬಿಟ್ಟಿರಲಿಲ್ಲ.

"ಹನ್ನೊಂದಕ್ಕೆ ಫುಟ್ಬಾಲ್ ವಿಶ್ವಕಪ್ಪಿನವರು ಬರ್ತಾರೆ, ಕ್ಯಾಮೆರಾ ಹಿಡ್ಕೊಂಡು. ಆ ಕುಡುಕನ ಹೆಸರು ಹಾರಿಸಿ ಮೆಕ್ಸಿಕೊ ಮಾನ ಕಳೀಬೇಕಾ?"

"ಅವ್ನು ಕುಡೀತಿರ್ಲಿಲ್ಲ ಸಾಹೇಬ್ರೇ."

"ಬಾಯ್ಮುಚ್ಚೇ, ಗುಡ್ಡಗಾಡು ಮುಂಡೆ!"

ಚಾವಣಿಯ ತುದಿಗೆ ಒರಗಿಸಿದ್ದ ಏಣಿಯ ಬುಡದಲ್ಲಿ ಮೇಸ್ತ್ರಿ ಫಿದೆನ್ಸಿಯೊ ಬೆಂಕಿಗೆ ಸಲಿಕೆ ಹಿಡಿದು, ಅದರ ಮೇಲೆ ಮುಸುಕಿನಜೋಳದ ರೊಟ್ಟಿ ಬಿಸಿಮಾಡುತ್ತಿದ್ದ. ಇಂಜಿನಿಯರ್ ಅವನತ್ತ ತಿರುಗಿದ. "ಯಾವನ್ನಾದ್ರೂ ಹತ್ಸಯ್ಯ!"

ಮುದುಕ ರೊಟ್ಟಿ ಮಗುಚಿದ. "ಶಿಲುಬೆ ಇಳ್ಸೋ ಕೈ ನಮ್ಮಲ್ಲಿ ಯಾರ್ಗೂ ಇಲ್ಲ ಬುದ್ದಿ."

"ಹಂಗಾದ್ರೆ ಎಲ್ಲಾ ಗೇಟಿಂದಾಚೆ ನಡೀರಿ, ಸೂಳೆಮಕ್ಳಾ!"

"ಹಬ್ಬದ ದಿನ ಹಂದಿಮಾಂಸ ಹಾಕಿಸ್ಬೇಕಾದೋರು ಬೈಗುಳ ಬಡಿಸ್ತಾವ್ರೆ ಕಣ್ರಪ್ಪೋ," ಎಂದ ವೆಲ್ಡರ್ ನಾಬೋರ್, ಹಿಂದಿನಿಂದ. "ತಟ್ಟೆ ಹಿಡ್ಕಳಿ!"

ಯಾರೋ ಕಿಸಕ್ಕೆಂದರು. ಯಾರೂ ಕೆಲಸ ಬಿಟ್ಟು ಅಲುಗಲಿಲ್ಲ. ಕೆಳಗೆ, ದೂರದ ಗೇಟಿನಲ್ಲಿ, ಬಿಳಿ ಕಾರುಗಳು ಬಂದು ನಿಂತವು.

ಇಂಜಿನಿಯರ್ ಗಡಿಯಾರ ನೋಡಿಕೊಂಡ. ಕಾರು ನೋಡಿದ. "ಥೂ ನಿಮ್ಮ!" ಎಂದವನೇ ತಾನೇ ಏಣಿಗೆ ಕಾಲಿಟ್ಟ. ಒಂದು ಮೆಟ್ಟಿಲು, ಎರಡು, ಮೂರು. ಮೇಲೆ ನೋಡಿದ, ಆಮೇಲೆ ಕೆಳಗೆ, ಅಂಗೈಯಗಲಕ್ಕೆ ಕಾಣುವ ಹಸಿರು ಮೈದಾನವನ್ನು. ಎರಡೂ ಕೈಯಿಂದ ಏಣಿಯನ್ನು ಅಪ್ಪಿಕೊಂಡ.

"ಸೊಂಟದ ಹಗ್ಗ ಎಲ್ಲಿ? ಹಗ್ಗ ಇಲ್ದೆ ಯಾವನ್ ಹತ್ತುತ್ತಾನೋ ಇದನ್ನ?"

ಸ್ಪ್ಯಾನರುಗಳ ಸದ್ದು ಸಾಲುಸಾಲಾಗಿ ನಿಂತಿತು. ಸಲಿಕೆಯ ಮೇಲೆ ರೊಟ್ಟಿ ಸೀಯತೊಡಗಿತು. ಮೇಸ್ತ್ರಿ ಅದನ್ನು ತೆಗೆಯಲಿಲ್ಲ.

ಒಟೀಲಿಯಾ ಎದ್ದಳು. ಮಂಡಿ ನೋಯುತ್ತಿತ್ತು. ಏಣಿಯ ಹತ್ತಿರ ಹೋಗಿ ಎರಡೂ ಕೈಯಿಂದ ಅದರ ಕಾಲು ಹಿಡಿದಳು.

"ಅವತ್ತು ನನ್ ತಮ್ಮನೂ ಇದನ್ನೇ ಕೇಳಿದ್ದ," ಎಂದಳು, ಎಲ್ಲರಿಗೂ ಕೇಳುವಂತೆ. "ನೀವು ಇಲ್ಲೇ, ನಾನೀಗ ನಿಂತಿರೋ ಜಾಗದಲ್ಲೇ ನಿಂತಿದ್ರಿ. ಏನಂದ್ರಿ, ಗ್ಯಾಪಕ ಐತಾ?"

ಅವನು ಇಳಿಯಲು ಕಾಲು ಚಾಚಿದ. ಅವಳು ಜಾಗ ಬಿಡಲಿಲ್ಲ.

"'ಹಗ್ಗ ನಿಮ್ಮವ್ವನ್ನ ಕೇಳು, ಹತ್ತೋ,' ಅಂದ್ರಿ."

ಅವಳು ಏಣಿಯನ್ನು ಇನ್ನೂ ಬಿಗಿಯಾಗಿ ಹಿಡಿದಳು. 

"ಹತ್ತೋ," ಎಂದಳು.